ಅವನು ಓಡಿದ್ದು ಸಾಲದು

ನ್ಯೂಯಾರ್ಕಿನ ಬೇಸ್‌ಬಾಲ್ ಅಭಿಮಾನಿಗಳಿಗೆ ಒಂದು ಸಿದ್ಧಿ ಇದೆ. ಮೇಲಿನ ಸ್ಟ್ಯಾಂಡಿನಲ್ಲಿ ಒಂದು ಕೈಲಿ ಬಿಯರ್, ಇನ್ನೊಂದು ಕೈಲಿ ಹಾಟ್‌ಡಾಗ್ ಹಿಡಿದು ಕೂತೇ ದೂರದ ಔಟ್‌ಫೀಲ್ಡರ್‌ನ ಮನಸ್ಸಿನೊಳಗೆ ಏನಿದೆ ಅಂತ ಹೇಳಿಬಿಡುತ್ತಾರೆ. ಔಟ್‌ಫೀಲ್ಡರ್ ಅಂದರೆ ಮೈದಾನದ ಹಿಂಭಾಗ ಕಾಯುವ ಮೂವರಲ್ಲಿ ಒಬ್ಬ. ಚೆಂಡು ಅತ್ತ ಬರುವ ತನಕ ನಿಂತಿರುವುದೇ ಕೆಲಸ. ಸುಮ್ನೆ ನಿಂತವನಲ್ಲಿ ತಪ್ಪು ಹುಡುಕುವುದು ಸುಲಭ ಅಲ್ವಾ?

ಔಟ್‌ಫೀಲ್ಡರ್ ಹುವಾನ್ ಸೋಟೊನನ್ನೇ ನೋಡಿ. 2024ರಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡದಲ್ಲಿದ್ದ. ಬ್ಯಾಟ್ ಹಿಡಿದು ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ದುರುಗುಟ್ಟಿ ನೋಡಿ, ಕಾಲು ಜಾರಿಸಿ ಒಂದು ಕುಣಿತ ಹಾಕುತ್ತಿದ್ದ. ಆಹಾ, ಏನು ಗತ್ತು ಅಂದರು. 41 ಹೋಮ್ ರನ್ (ಚೆಂಡು ನೇರ ಗೋಡೆಯಾಚೆ ಹೋಗುವ ಹೊಡೆತ, ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದ, ಕ್ಲೀವ್‌ಲ್ಯಾಂಡ್ ವಿರುದ್ಧ ಹತ್ತನೇ ಇನಿಂಗ್ಸ್‌ನಲ್ಲಿ ಒಂದೇ ಹೊಡೆತಕ್ಕೆ ಮೂರು ರನ್ ತಂದು ತಂಡವನ್ನು ವರ್ಲ್ಡ್ ಸೀರೀಸ್‌ಗೆ, ಅಂದರೆ ಫೈನಲ್ ಸರಣಿಗೆ, ಮುಟ್ಟಿಸಿದ. ಡಿಸೆಂಬರ್‌ನಲ್ಲಿ ಅದೇ ಊರಿನ ಮೆಟ್ಸ್ ತಂಡ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು, ಹೋದ. ಗತ್ತು ರಾತ್ರೋರಾತ್ರಿ ಸೊಕ್ಕಾಯಿತು. 2025ರ ಮೇ ತಿಂಗಳಲ್ಲಿ ಅವನು ಯಾಂಕಿ ಸ್ಟೇಡಿಯಂಗೆ ಬಂದಾಗ ಅವನು ಕಾಯುವ ರೈಟ್ ಫೀಲ್ಡ್ ಹಿಂದಿನ ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದು, ಅವನಿಗೆ ಬೆನ್ನು ತಿರುಗಿಸಿ ನಿಂತರು. ನಿಷ್ಠೆ ಇಲ್ಲವಂತೆ. ಒಂದೂವರೆ ವರ್ಷದ ಹಿಂದೆ ಇವರ ತಂಡವೇ ಅವನನ್ನು ಸ್ಯಾನ್ ಡಿಯಾಗೊದಿಂದ ಎತ್ತಿಕೊಂಡು ಬಂದಾಗ ನಿಷ್ಠೆ ಎಲ್ಲಿ ರಜೆ ಹಾಕಿತ್ತೋ!

ಹೊಸ ಮನೆಯವರಾದರೂ ಮುದ್ದು ಮಾಡಿದರಾ? ಅದೇ ತಿಂಗಳು ಬಾಸ್ಟನ್‌ನಲ್ಲಿ ಹೊಡೆದ ಚೆಂಡು ಹೋಮ್ ರನ್ ಅಂದುಕೊಂಡು ನೋಡುತ್ತಾ ನಿಂತ, ಅದು ಗೋಡೆಗೆ ಬಡಿದು ವಾಪಸ್ ಬಂತು, ಸಿಕ್ಕಿದ್ದು ಒಂದೇ ಬೇಸ್, ಅಂದರೆ ಒಂದು ರನ್‌ಗೆ ಸುತ್ತಬೇಕಾದ ನಾಲ್ಕು ತಾಣಗಳಲ್ಲಿ ಮೊದಲನೆಯದು ಮಾತ್ರ. ಸರಿ, ರೇಡಿಯೋಗೆ ಫೋನ್ ಮೇಲೆ ಫೋನ್. ಈ ಊರಿಗೆ 1987ರಿಂದ ದಿನದ 24 ಗಂಟೆಯೂ ಆಟದ ಮಾತೇ ಆಡುವ ಒಂದು ರೇಡಿಯೋ ಇದೆ, ಬೈಗುಳಕ್ಕೆ ಜಾಗದ ಕೊರತೆ ಇಲ್ಲ. ಓಡಲ್ಲ, ಮನಸ್ಸಿಲ್ಲ, ಆಟಿಟ್ಯೂಡ್ ಸರಿಯಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಈ ಓಡದ ಮನುಷ್ಯ 38 ಬೇಸ್ ಕದ್ದು (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿಬಿಡುವುದು) ಮೆಟ್ಸ್ ಆಡುವ ನ್ಯಾಷನಲ್ ಲೀಗ್‌ನಲ್ಲಿ ಜಂಟಿ ಮೊದಲಿಗನಾದ, ಜೊತೆಗೆ 43 ಹೋಮ್ ರನ್. ಆದರೆ ಪಿಚರ್‌ಗಳು ಕೈಕೊಟ್ಟು ತಂಡ ಕೊನೇ ದಿನ ಪ್ಲೇಆಫ್ ರೇಸಿನಿಂದ ಹೊರಬಿತ್ತಲ್ಲ, ಆಗ ಹೊಸ ದೂರು: ಮುಖದಲ್ಲಿ ಖುಷಿ ಕಾಣಲ್ಲ!

ಯಾಂಕೀಸ್ ಔಟ್‌ಫೀಲ್ಡರ್ ಆ್ಯರನ್ ಜಡ್ಜ್ ಕಥೆ ಇನ್ನೂ ಚೆಂದ. 2024ರಲ್ಲಿ 58 ಹೋಮ್ ರನ್ ಹೊಡೆದು ಲೀಗಿನ ಶ್ರೇಷ್ಠ ಆಟಗಾರನಾದವನು. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಯಾಂಕೀಸ್ 5-0 ಮುಂದಿದ್ದಾಗ ಸುಲಭದ ಕ್ಯಾಚ್ ಬಿಟ್ಟ. ಆಮೇಲೆ ಒಳಮೈದಾನದ ಫೀಲ್ಡರ್ ಶಾರ್ಟ್‌ಸ್ಟಾಪ್ ತಪ್ಪು ಎಸೆದ, ಪಿಚರ್ ಫಸ್ಟ್ ಬೇಸ್‌ಗೆ ಓಡುವುದನ್ನೇ ಮರೆತ, ಐದೂ ರನ್ ಹೋದವು, 7-6ಕ್ಕೆ ಸೋಲು. ಜಡ್ಜ್ ಅವತ್ತು ಒಂದು ಹೋಮ್ ರನ್ ಕೂಡ ಹೊಡೆದಿದ್ದ, ಆದರೆ ಅದನ್ನೆಲ್ಲ ಯಾರು ಕೇಳುತ್ತಾರೆ? ಫೀಲ್ಡಿಂಗ್ ಬರಲ್ಲ ಅಂತ ತೀರ್ಪು ಕೊಟ್ಟ ಅಭಿಮಾನಿ ಕುಲದ ಸ್ವಂತ ಫೀಲ್ಡಿಂಗ್ ಹಿಂದಿನ ರಾತ್ರಿಯೇ ಆಗಿತ್ತು. ಎದುರಾಳಿ ಡಾಡ್ಜರ್ಸ್ ತಂಡದ ಮೂಕಿ ಬೆಟ್ಸ್ ಗೋಡೆ ಪಕ್ಕ ಹಾರಿ ಕ್ಯಾಚ್ ಹಿಡಿದರೆ, ಇಬ್ಬರು ಮಹನೀಯರು ಅವನ ಕೈ ಹಿಡಿದೆಳೆದು ಗ್ಲೌಸ್‌ನೊಳಗಿಂದ ಚೆಂಡು ಕಿತ್ತರು. ಅಂಪೈರ್ ಔಟ್ ಕೊಟ್ಟ. ಇವರಿಬ್ಬರನ್ನು ಹೊರಗೆ ಕಳಿಸಿದರು. ಇವರಿಗೆ ಮಾತ್ರ ಆಟಿಟ್ಯೂಡ್ ಸಮಸ್ಯೆ ಇಲ್ಲ, ಅದು ಪ್ರೀತಿ.

ಇನ್ನು ಯಾರನ್ನು ಆಡಿಸಬೇಕು ಅನ್ನೋ ಜಗಳ. ಬೆಂಚಿನ ಮೇಲೆ ಕೂತವನಷ್ಟು ಒಳ್ಳೆ ಆಟಗಾರ ಇನ್ನೊಬ್ಬನಿಲ್ಲ. 2024ರಲ್ಲಿ ಲೆಫ್ಟ್ ಫೀಲ್ಡ್‌ನಲ್ಲಿ ಅಲೆಕ್ಸ್ ವರ್ಡುಗೊ ಬೇಡ, ಹುಡುಗ ಜೇಸನ್ ಡೊಮಿಂಗೆಸ್‌ನನ್ನು ಆಡಿಸಿ ಅಂತ ಗಂಟಲು ಹರಿದುಕೊಂಡರು. ಮುಂದಿನ ವರ್ಷ ಆಡಿಸಿದರು. ಹುಡುಗ ಚೆಂಡಿನ ದಾರಿ ತಪ್ಪಾಗಿ ಲೆಕ್ಕ ಹಾಕತೊಡಗಿದ, ಪ್ರೀತಿ ಇಳಿಯಿತು. ಅಷ್ಟರಲ್ಲಿ ಎಲ್ಲರ ಬಾಯಲ್ಲೂ ಕೆಳಗಿನ ಲೀಗಿನ ಸ್ಪೆನ್ಸರ್ ಜೋನ್ಸ್ ಹೆಸರು. ಆತ ಅಲ್ಲಿಯ ತನಕ ಯಾಂಕಿ ಸ್ಟೇಡಿಯಂನಲ್ಲಿ ಒಂದೇ ಒಂದು ಕ್ಯಾಚ್ ಬಿಟ್ಟಿರಲಿಲ್ಲ, ಯಾಕಂದರೆ ಯಾಂಕೀಸ್ ಪರ ಒಂದು ಪಂದ್ಯವನ್ನೂ ಆಡಿರಲಿಲ್ಲ.