ಒಳಗ ಯಾರಿದ್ದಾರ್ರೀ?

ನಿನ್ನೆ ಸಂಜೆ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಸುಸಲಾ ಮಿರ್ಚಿ ತಿನ್ನುತ್ತಾ ಮೊಬೈಲ್ ನೋಡುತ್ತಿದ್ದೆ. ರಷ್ಯಾದ ಪ್ರೊಗ್ರೆಸ್ ನೌಕೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಸೇರುವುದನ್ನು ಲೈವ್ ತೋರಿಸುತ್ತಿದ್ದರು. ಪಕ್ಕದ ಪರಿಚಯದವರು ಬಗ್ಗಿ ನೋಡಿದರು.

"ಒಳಗ ಯಾರಿದ್ದಾರ್ರೀ?"

"ಯಾರೂ ಇಲ್ರಿ, ಮಾಲು ಹೊಂಟದ."

"ಹೋಗ್ರೀ! ಮಾಲ್ ಗಾಡಿ ಏನ್ ನೋಡ್ಲಾಕ ಹತ್ತೀರಿ? ಮನಷ್ಯಾರಿದ್ರ ಹೇಳ್ರಿ" ಅಂದು ಮಿರ್ಚಿಗೆ ಕೈ ಹಾಕಿದರು. ನನ್ನ ಪ್ಲೇಟಿನ ಮಿರ್ಚಿಗೆ!

ಆಗ ನಕ್ಕು ಸುಮ್ಮನಾದೆ. ರಾತ್ರಿ ನಿದ್ದೆ ಬರಲಿಲ್ಲ. ಮಿರ್ಚಿಯದೂ ಸ್ವಲ್ಪ ಪಾಲಿದೆ, ಒಪ್ಪುತ್ತೇನೆ. ಆದರೆ ಜಾಸ್ತಿ ಸುಟ್ಟಿದ್ದು ಆ ಮಾತು.

2025ರ ಜೂನ್‌ನಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ. ನಾನೂ ಹಾಕಿದ್ದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯವೂ ಮೊಳಕೆ ಪ್ರಯೋಗಕ್ಕೆ ಜೊತೆಗೆ ಹೋಗಿದ್ದವು. ಸಂತೋಷವೇ. ಆದರೆ ಆ ನಿಲ್ದಾಣದಲ್ಲಿ 2000ನೇ ಇಸವಿಯಿಂದ ಒಂದು ದಿನವೂ ಬಿಡದೆ ಮನುಷ್ಯರು ಇದ್ದಾರಲ್ಲ, ಅವರ ಊಟ, ನೀರು, ಬಟ್ಟೆ, ಔಷಧ ಯಾರು ಒಯ್ದರು? ಮಾಲ್ ಗಾಡಿ! ಅದಕ್ಕೆ ಯಾವ ಓಣಿಯಲ್ಲಿ ಪಟಾಕಿ ಹೊಡೆದಿದ್ದಾರೆ?

ಈ ಗಾಡಿ ನಿನ್ನೆ ಮೊನ್ನೆಯದಲ್ಲ. ಮೊದಲ ಪ್ರೊಗ್ರೆಸ್ 1978ರ ಜನವರಿ 20ರಂದು ಹೊರಟಿದ್ದು, ಆಗಿನ ಸೋವಿಯತ್ ಒಕ್ಕೂಟದ ಸಲ್ಯೂತ್-6 ನಿಲ್ದಾಣಕ್ಕೆ. ಅಲ್ಲಿದ್ದ ಇಬ್ಬರು ಒಟ್ಟು 96 ದಿನ ಇದ್ದು ಇಳಿದರು. ಈಗಿನದು ಸುಮಾರು ಎರಡೂವರೆ ಟನ್ ಹೊರುತ್ತದೆ, ಅಂದರೆ ನಮ್ಮ ಅಪ್ಪನ ಲಾರಿಯ ಕಾಲು ಭಾಗ. ಈಗಿನ ನಿಲ್ದಾಣ ಇರುವುದು 400 ಕಿ.ಮೀ. ಎತ್ತರದಲ್ಲಿ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. 2020ರಲ್ಲಿ ಒಂದು ಪ್ರೊಗ್ರೆಸ್ ಮೂರು ತಾಸು ಇಪ್ಪತ್ತು ನಿಮಿಷದೊಳಗೆ ಹೋಗಿ ಮುಟ್ಟಿತ್ತು. ಅಷ್ಟರಲ್ಲಿ ನಮ್ಮ ಲಾರಿಗಳು ಹೈದರಾಬಾದ್ ಮುಟ್ಟುವುದೂ ಕಷ್ಟ.

ಮತ್ತೆ ಆ ಸೇರುವ ಗಳಿಗೆ! ಗಾಡಿ, ನಿಲ್ದಾಣ ಎರಡೂ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಆದರೆ ಒಂದಕ್ಕೊಂದು ತಾಗುವಾಗ ಗಾಡಿ ಸೆಕೆಂಡಿಗೆ ಗೇಣುದ್ದವೂ ಮುಂದೆ ಹೋಗುವುದಿಲ್ಲ. ಗೋಡೌನ್ ಬಾಗಿಲಿಗೆ ಲಾರಿ ರಿವರ್ಸ್ ಹಾಕುವಾಗ ಕ್ಲೀನರ್ "ಬರ್ಲಿ, ಬರ್ಲಿ, ಹಾಂ, ಬಸ್!" ಅನ್ನುತ್ತಾನಲ್ಲ, ಹಾಗೆ. ಅಲ್ಲಿ ಕ್ಲೀನರ್ ಕೆಲಸ ರೇಡಿಯೋ ಅಲೆ ಮಾಡುತ್ತದೆ. ಬರೀ ಸಾಮಾನು ಕೊಟ್ಟು ಸುಮ್ಮನಿರುವುದೂ ಇಲ್ಲ. ಅಷ್ಟು ಎತ್ತರದಲ್ಲೂ ತೆಳ್ಳನೆಯ ಗಾಳಿ ಉಜ್ಜಿ ನಿಲ್ದಾಣ ನಿಧಾನಕ್ಕೆ ಕೆಳಗೆ ಜಾರುತ್ತದೆ. ಪ್ರೊಗ್ರೆಸ್ ತನ್ನ ಎಂಜಿನ್ ಹಚ್ಚಿ ಅದನ್ನು ಮೇಲಕ್ಕೆ ದಬ್ಬುತ್ತದೆ. ಮನೆಗೆ ರೇಷನ್ ತಂದವನು ಮನೆಯನ್ನೇ ಹೊತ್ತು ನಿಂತ ಹಾಗೆ.

ಇದು ಸುಲಭ ಅಂದುಕೊಳ್ಳಬೇಡಿ. 2014ರ ಅಕ್ಟೋಬರ್‌ನಿಂದ 2015ರ ಜೂನ್ ಒಳಗೆ ಅಮೆರಿಕದ ಸಿಗ್ನಸ್, ರಷ್ಯಾದ ಪ್ರೊಗ್ರೆಸ್, ಅಮೆರಿಕದ್ದೇ ಡ್ರ್ಯಾಗನ್, ಮೂರು ಮಾಲ್ ಗಾಡಿಗಳು ಹಾಳಾದವು. ಜುಲೈನಲ್ಲಿ ಮತ್ತೊಂದು ಪ್ರೊಗ್ರೆಸ್ ಹೋಗಿ ಮುಟ್ಟಿತು. ನಮ್ಮಲ್ಲಿ ಯಾರಿಗಾದರೂ ನೆನಪಿದೆಯಾ? ಒಳಗೆ ಮನುಷ್ಯರಿರಲಿಲ್ಲ, ಹಾಗಾಗಿ ಸುದ್ದಿಯೂ ಅಲ್ಲ.

"ಡ್ರೈವರೇ ಇಲ್ಲದ ಗಾಡಿಗೆ ಯಾರಿಗಂತ ಚಪ್ಪಾಳೆ ಹೊಡೆಯೋದು?" ಅಂತ ಕೇಳಬಹುದು. ಸರಿ. 1997ರ ಜೂನ್ 25ರಂದು ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಪ್ರೊಗ್ರೆಸ್ಸನ್ನು ಒಳಗಿಂದಲೇ ರಿಮೋಟ್ ಹಿಡಿದು ಕೈಯಾರೆ ನಡೆಸಿ ನೋಡಿದರು. ಅದು ಹೋಗಿ ಗುದ್ದಿತು. ಸ್ಪೆಕ್ಟರ್ ಅನ್ನುವ ಭಾಗಕ್ಕೆ ತೂತು ಬಿದ್ದು ಗಾಳಿ ಸೋರಿತು. ಆ ಭಾಗದ ಬಾಗಿಲು ಮುಚ್ಚಿ ಜೀವ ಉಳಿಸಿಕೊಂಡರು. ಡ್ರೈವರ್ ಇಲ್ಲದಿದ್ದರೇನು, ಮಾಡಿದವರು ಮನುಷ್ಯರೇ ಅಲ್ವಾ? (ಈ ಗುದ್ದಿದ ಕಥೆ ಅಪ್ಪನಿಗೆ ಹೇಳಿಲ್ಲ. ಡ್ರೈವರ್‌ಗಳ ಬಗ್ಗೆ ಅವರ ಮುಂದೆ ಸ್ವಲ್ಪ ನೋಡಿಕೊಂಡು ಮಾತಾಡಬೇಕು.)

ಅಪ್ಪ ಇಪ್ಪತ್ತೇಳು ವರ್ಷ ಲಾರಿ ಓಡಿಸಿದವರು. ಇದೇ ಗಂಜ್‌ನ ತೊಗರಿಬೇಳೆ ಮುಂಬೈ, ಹೈದರಾಬಾದ್‌ಗೆ. ಕಟ್ಟಿಕೊಂಡು ಹೋಗುತ್ತಿದ್ದುದು ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. (ಬಾಹ್ಯಾಕಾಶಕ್ಕೆ ಕಡಕ್ ರೊಟ್ಟಿ ನಡೆಯುವುದಿಲ್ಲ, ಪುಡಿ ತೇಲಿ ಯಂತ್ರದೊಳಗೆ ಹೋಗುತ್ತದೆ. ಅದಕ್ಕೆ ಮೆಕ್ಸಿಕೋದ ಮೆತ್ತನೆ ರೊಟ್ಟಿ.) ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಎಂಟನೇ ಕ್ಲಾಸಿನ ಫಾರ್ಮ್‌ನಲ್ಲಿ "ತಂದೆಯ ಉದ್ಯೋಗ" ಅಂತ ಇದ್ದ ಕಡೆ ನಾನು "ವ್ಯಾಪಾರ" ಅಂತ ಬರೆದಿದ್ದೆ. ಅಪ್ಪ ಅದನ್ನು ಓದಿ ಏನೂ ಅನ್ನದೆ ಸಹಿ ಹಾಕಿದರು. ನಿನ್ನೆ ಆ ಮಹಾಶಯರ ಮಾತಿಗೆ ಅಷ್ಟು ಸಿಟ್ಟು ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ಲ.

ಬೆಳಿಗ್ಗೆ ಚಹಾ ಕುಡಿಯುತ್ತಾ ಅಪ್ಪನಿಗೆ ಆ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು.

"ರಿಟರ್ನ್ ಲೋಡ್ ಏನದ?"

ಕಸ ಅಂದೆ. ಮೇಲಿನವರ ಕಸ ತುಂಬಿಕೊಂಡು ಕೆಳಗಿಳಿಯುತ್ತಾ ದಕ್ಷಿಣ ಪೆಸಿಫಿಕ್ ಸಮುದ್ರದ ಮೇಲೆ ಗಾಡಿ ಸುಟ್ಟೇ ಹೋಗುತ್ತದೆ.

"ಹೊಸಾ ಗಾಡಿ?"

"ಹೂಂ."

ಅಪ್ಪನಿಗೆ ಬಹಳ ಬೇಜಾರಾಯಿತು. ಡ್ರ್ಯಾಗನ್ ಮಾತ್ರ ಸಾಮಾನು ತುಂಬಿಕೊಂಡು ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕೆ ಇಳಿಯುತ್ತದೆ, ಅದನ್ನೇ ಮತ್ತೆ ಓಡಿಸುತ್ತಾರೆ ಅಂದ ಮೇಲೆ ಸ್ವಲ್ಪ ಸಮಾಧಾನ. ಅರ್ಧ ಕಪ್ ಆದ ಮೇಲೆ ಮತ್ತೆ ಕೇಳಿದರು.

"ಮ್ಯಾಲ ಹಮಾಲರು ಯಾರು?"

"ಅಲ್ಲಿದ್ದವರೇ ಇಳಿಸಿಕೊಳ್ತಾರಪ್ಪಾ. ಅಲ್ಲಿ ಯಾವ ಮಾಲಿಗೂ ವಜನ್ ಇರಲ್ಲ."

"ವಜನೇ ಇಲ್ಲಂದ್ರ ಹಮಾಲಿ ಹ್ಯಾಂಗ್ ಲೆಕ್ಕ ಹಾಕ್ತಾರೋ?"