ಬಸ್ಸಿನಲ್ಲಿ ಬಂದಿಳಿದ ರೋಗಿಗಳು

ಮೆಡಿಕಲ್ ಕಾಲೇಜಿನ ಕ್ವಾಲಿಟಿ ಮ್ಯಾನೇಜರ್‌ಗೆ ಏನೇನು ಬರಬೇಕು? ನಾಯಕತ್ವ, ಒಳ್ಳೆಯ ಮಾತುಗಾರಿಕೆ, ಅಂಕಿಅಂಶದ ಜ್ಞಾನ ಅಂತ ಕೋರ್ಸುಗಳಲ್ಲಿ ಹೇಳಿಕೊಡುತ್ತಾರೆ. ಬೆಳಗಾಗುವುದರೊಳಗೆ ಖಾಲಿ ವಾರ್ಡು ತುಂಬಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಿಜವಾದ ಕೌಶಲ ಇರುವುದೇ ಅಲ್ಲಿ.

ಕಾಲೇಜಿಗೆ ಮಾನ್ಯತೆ ಬೇಕಾದರೆ ರೋಗಿಗಳೂ ಪ್ರೊಫೆಸರುಗಳೂ ಇದ್ದಾರೆ ಅಂತ ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಆ ಇನ್‌ಸ್ಪೆಕ್ಷನ್ ದಿನ ಮೊದಲು ಬೇಕಾಗುವವನು ಏಜೆಂಟ್. ಅಕ್ಕಪಕ್ಕದ ಹಳ್ಳಿಗಳಿಂದ ಗಟ್ಟಿಮುಟ್ಟಾದವರನ್ನು ಬಸ್ಸಿನಲ್ಲಿ ತುಂಬಿ ತರುತ್ತಾನೆ. ದಿನಗೂಲಿ ಉಂಟು, ಮಧ್ಯಾಹ್ನ ಊಟ ಉಂಟು. ಬಿಸಿಲಲ್ಲಿ ಕಳೆ ಕೀಳುವುದಕ್ಕಿಂತ ಫ್ಯಾನ್ ಕೆಳಗೆ ಮಲಗುವುದೇ ವಾಸಿ ಅಲ್ವಾ? ಕೇಸ್ ಶೀಟ್ ಬರೆಯುವಾಗ ಹುಷಾರಾಗಿರಬೇಕು. ಇಡೀ ವಾರ್ಡಿಗೆ ಬಿಪಿ 120/80 ಅಂತ ಗೀಚಿದರೆ ಸಿಕ್ಕಿಬೀಳುತ್ತೀರಿ. ಹುರಿಮೀಸೆಯ ಅಜ್ಜನನ್ನು ಹೆರಿಗೆ ವಾರ್ಡಿನಲ್ಲಿ ಮಲಗಿಸಬಾರದು. ನ್ಯುಮೋನಿಯಾ ಅಂತ ಬರೆಸಿಕೊಂಡವನು ಕಿಟಕಿ ಪಕ್ಕ ಬೀಡಿ ಹಚ್ಚದಂತೆ ಒಬ್ಬ ನರ್ಸ್ ಕಾವಲಿಗಿರಬೇಕು.

ಪ್ರೊಫೆಸರುಗಳದ್ದು ಇನ್ನೂ ನಾಜೂಕಿನ ಕೆಲಸ. ಹೆಸರು, ಸಂಬಳ ಇಲ್ಲಿ. ಕ್ಲಿನಿಕ್ಕು, ಮನೆ, ಮನಸ್ಸು ಎಲ್ಲ ಇನ್ನೊಂದೂರಲ್ಲಿ. ಇವರಿಗೆ ಘೋಸ್ಟ್ ಫ್ಯಾಕಲ್ಟಿ ಅಂತ ಹೆಸರು. ದೆವ್ವಗಳಿಗೂ ಶೇ. 75 ಹಾಜರಾತಿ ಬೇಕೇ ಬೇಕು. ಬೆರಳಚ್ಚು ಕಡ್ಡಾಯ ಮಾಡಿದರು, ನಕಲಿ ಬೆರಳು ಬಂತೆಂಬ ಆರೋಪ ಕೇಳಿಬಂತು. 2025ರ ಮೇ ತಿಂಗಳಿಂದ ಮೊಬೈಲಿಗೆ ಮುಖ ತೋರಿಸಬೇಕು, ಅದೂ ಕಾಲೇಜಿನ ಆವರಣದೊಳಗೇ ನಿಂತು. ಮ್ಯಾನೇಜರುಗಳು ಈಗ ಹೊಸ ಸಿಲಬಸ್ ಓದುತ್ತಿರಬೇಕು, ಪಾಪ.

ಕೊನೆಯದು ಇನ್‌ಸ್ಪೆಕ್ಟರನ್ನು ಅರ್ಥ ಮಾಡಿಕೊಳ್ಳುವ ಕೌಶಲ. 2010ರಲ್ಲಿ, ಆಗ ಮೆಡಿಕಲ್ ಕಾಲೇಜುಗಳ ಮೇಲ್ವಿಚಾರಣೆ ನೋಡುತ್ತಿದ್ದ ಭಾರತೀಯ ವೈದ್ಯಕೀಯ ಮಂಡಳಿಯ (ಎಂಸಿಐ) ಅಧ್ಯಕ್ಷರನ್ನೇ ಸಿಬಿಐ ಬಂಧಿಸಿತು. ಇದು ಸರಿಹೋಗಲ್ಲ ಅಂತ ಎಂಸಿಐಯನ್ನೇ ತೆಗೆದು 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ತಂದರು. ಬೋರ್ಡು ಬದಲಾಯಿತು. 2025ರಲ್ಲಿ ಮತ್ತೆ ಸಿಬಿಐ ಬಂತು. ಈ ಸಲ 55 ಲಕ್ಷ ರೂಪಾಯಿ ಲಂಚದ ಆರೋಪ, ಬಲೆ ಬೀಸಿದ್ದು ನಮ್ಮ ಬೆಂಗಳೂರಿನಲ್ಲೇ. ಯಾವ ಕಾಲೇಜಿಗೆ ಯಾರು, ಯಾವತ್ತು ಬರುತ್ತಾರೆ ಅನ್ನೋದೂ ಮೊದಲೇ ಸೋರುತ್ತಿತ್ತಂತೆ. ಬಸ್ ಬುಕ್ ಮಾಡುವುದಕ್ಕೆ ಟೈಮ್ ಬೇಕಲ್ಲ, ಒಳ್ಳೆಯ ಜನ.

ಅವತ್ತೇ ನಿಜವಾದ ಎದೆನೋವಿನವನೊಬ್ಬ ಬಂದುಬಿಟ್ಟರೆ? ಬೆಡ್ಡೆಲ್ಲ ಫುಲ್ ಸ್ವಾಮಿ, ನಾಳೆ ಬನ್ನಿ. ನಾಳೆ ಬೇಕಾದಷ್ಟು ಖಾಲಿ ಇರುತ್ತವೆ. ಡಾಕ್ಟರ ಕುರ್ಚಿಯೂ ಅಷ್ಟೇ.