ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿದ್ದೇಕೆ

"ಲಿನಕ್ಸ್ ಹಾಕ್ಸೋಣ ಅಂತಿದೀನಿ, ಯಾವ್ದು ಒಳ್ಳೇದು?" 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಾಗಿನಿಂದ, ಅದರ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಕಾರ್ಯವ್ಯವಸ್ಥೆ ಲಿನಕ್ಸ್ ಬಗ್ಗೆ ಈ ಪ್ರಶ್ನೆ ಕೇಳುವವರು ಹೆಚ್ಚಾಗಿದ್ದಾರೆ. ಗೊತ್ತಿದ್ದವರು ಕೂಡಲೇ ಲಿನಕ್ಸ್‌ನ ಹತ್ತು ಬಗೆಗಳ ಹೆಸರು ಹೇಳಿಬಿಡುತ್ತಾರೆ. ಕೇಳಿದವರು ಗಾಬರಿಯಾಗಿ ಸುಮ್ಮನಾಗುತ್ತಾರೆ. ನಾನು ಒಂದೇ ಹೆಸರು ಹೇಳುತ್ತೇನೆ: ಲಿನಕ್ಸ್ ಮಿಂಟ್.

ಶಿವಮೊಗ್ಗದಲ್ಲಿರುವ ನಮ್ಮ ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ಅವರದು 2016ರ ಲ್ಯಾಪ್‌ಟಾಪ್, ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದಿಲ್ಲ. ಅಂಗಡಿಯವರು "ಹೊಸದು ತಗೊಳ್ಳಿ ಸಾರ್" ಅಂದರಂತೆ. ಕೀಲಿಮಣೆ, ಪರದೆ ಎಲ್ಲ ನೆಟ್ಟಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣಲಿಲ್ಲ.

ಅವರು ಕೇಳಿದ್ದು ಒಂದೇ ಮಾತು: "ನನ್ನ ಕನ್ನಡ ಬರುತ್ತೇನೋ ಇದರಲ್ಲಿ?"

ನನ್ನ ಮಟ್ಟಿಗೆ ಅದೇ ಮೊದಲ ಪರೀಕ್ಷೆ. ಎಷ್ಟೋ ವರ್ಷದಿಂದ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ಕೈ ಅದು, ಒತ್ತಕ್ಷರ ಬೇಕೆಂದಾಗ ಬೆರಳು ತಾನಾಗಿ ಎಫ್ ಕೀಲಿಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಕಾಣುತ್ತದೆ. ಅದೇ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ, ನುಡಿ ಬಳಸುವವರ ಕೈಗೆ ರೂಢಿಯಾದದ್ದು. ಅದೂ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತದಲ್ಲೇ. ಚಿಕ್ಕಪ್ಪ ಬರೆಯುವ ತಂತ್ರಾಂಶ ಲಿಬ್ರೆಆಫೀಸ್ ತೆರೆದು ಕೂತವರು ಒಂದೂ ಅಕ್ಷರ ತಡವರಿಸದೆ ಅರ್ಧ ಪುಟ ಹೊಡೆದರು. ನನಗೆ ಕಣ್ಣು ತುಂಬಿ ಬಂತು.

ಹಾಗಾದರೆ ಇನ್ನೊಂದು ಹೆಸರಾಂತ ಲಿನಕ್ಸ್, ಉಬುಂಟು ಯಾಕಲ್ಲ? ಉಬುಂಟು ಮೇಲೆ ನನಗೆ ಪ್ರೀತಿಯಿದೆ. ಕಾಲೇಜಿನಲ್ಲಿದ್ದಾಗ ಅವರು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದ ಸಿಡಿಯಿಂದಲೇ ನಾನು ಕಲಿತದ್ದು. ಮಿಂಟ್ ಕೂಡ ಅದರ ಬುನಾದಿಯ ಮೇಲೇ ನಿಂತಿದೆ. ಆದರೆ ಉಬುಂಟು 2011ರಲ್ಲಿ ಯೂನಿಟಿ ಎಂಬ ಪರದೆ ವಿನ್ಯಾಸಕ್ಕೆ ಹೋಯಿತು, 2017ರಲ್ಲಿ ಗ್ನೋಮ್‌ಗೆ ಮರಳಿತು. ಎಡಕ್ಕೆ ಪಟ್ಟಿ, ಮೇಲೊಂದು ಪಟ್ಟಿ. ಎಪ್ಪತ್ತು ದಾಟಿದವರಿಗೆ ಎಡಮೂಲೆಯ ಕೆಳಗೆ ಮೆನು ಇರಬೇಕು, ತೆರೆದ ಕಿಟಕಿಗಳು ಕೆಳಗೆ ಸಾಲಾಗಿ ಕಾಣಬೇಕು. ಮಿಂಟ್‌ನಲ್ಲಿ ಅದು ಹಾಗೇ ಇದೆ. ಮಿಂಟ್‌ನ ಸಿನಮನ್ ಆವೃತ್ತಿ ಚೆಂದ. 4 ಜಿಬಿ ಯಂತ್ರವಾದ್ದರಿಂದ ಇನ್ನೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಖರ್ಚು ಮಾಡುವುದಿದ್ದರೆ ಅದಕ್ಕೆ ಮಾಡಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಸಿಸ್ಟಮ್‌ನ ನಕಲು ಇಟ್ಟುಕೊಳ್ಳುವ ಟೈಮ್‌ಶಿಫ್ಟ್ ಮೊದಲ ದಿನವೇ ಚಾಲೂ ಮಾಡಿ. ಸಿಸ್ಟಮ್ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಸ್ವಂತ ಫೈಲುಗಳ ಬ್ಯಾಕಪ್ ಮಾತ್ರ ಬೇರೆಯಾಗಿ ಇಟ್ಟುಕೊಳ್ಳಬೇಕು.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ನೋಡಿ. ಡಿಸ್ಕ್ ಮುಟ್ಟದೆ ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಬಹುದು. ಪ್ರಿಂಟರ್‌ನಲ್ಲಿ ನಾನೊಮ್ಮೆ ಎರಡು ದಿನ ಒದ್ದಾಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಲ್ಲೇ ದಿನವಿಡೀ ಲೆಕ್ಕ ಬರೆಯುವವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ಅವರ ಕೆಲಸ ಕೆಡಬಾರದು.

ಚಿಕ್ಕಪ್ಪನ ಹಳೆಯ ನುಡಿ ಫೈಲುಗಳು ಯೂನಿಕೋಡ್ ಅಲ್ಲ, ಇನ್ನೂ ಬದಲಿಸಬೇಕು. ಬರುವ ಭಾನುವಾರ ಅದಕ್ಕೇ ಶಿವಮೊಗ್ಗಕ್ಕೆ ಹೊರಟಿದ್ದೇನೆ. ಆ ಕಡೆಯವರು ಯಾರಿಗಾದರೂ ಮಿಂಟ್ ಹಾಕಿಸಬೇಕಿದ್ದರೆ ತಿಳಿಸಿ, ಪೆನ್‌ಡ್ರೈವ್ ಜೊತೆಯಲ್ಲೇ ಇರುತ್ತದೆ.